ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನಿಜವಾದ ರಸ್ತೆ ಕೂರಿಸುವುದು: ಮಂಗಳೂರಿನಿಂದ ಆಗುಂಬೆ ಘಾಟಿಯವರೆಗೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನಲ್ಲಿ ನಮ್ಮ ಕರಾವಳಿಯ ಸೀನರಿ, ಅಂದರೆ ನೆಲ, ರಸ್ತೆ, ಮನೆಗಳ ದೃಶ್ಯ, ಮಾಡಿಕೊಂಡವರು ಕಳಿಸುವ ಸ್ಕ್ರೀನ್‌ಶಾಟ್‌ಗಳಲ್ಲಿ ಮೂರು ತೊಂದರೆಗಳು ಮತ್ತೆ ಮತ್ತೆ ಕಾಣುತ್ತವೆ. ರಸ್ತೆಯೇ ಇರುವುದಿಲ್ಲ. ಇಲ್ಲವೇ ಪಕ್ಕಪಕ್ಕದಲ್ಲಿ ಎರಡು ರಸ್ತೆ ಇರುತ್ತವೆ. ಇನ್ನು ಕೆಲವರ ಘಾಟಿಯಲ್ಲಿ ರಸ್ತೆ ಒಂದು ಬದಿಗೆ ವಾಲಿ, ಲಾರಿಗಳು ಗೋಡೆ ಹತ್ತಿದ ಹಲ್ಲಿಯ ಹಾಗೆ ಓಡುತ್ತಿರುತ್ತವೆ. ಮೂರಕ್ಕೂ ಕಾರಣ ಸಾಮಾನ್ಯವಾಗಿ ಒಂದೇ: ಯಾವುದೋ ಒಂದು ಹಂತ ತಪ್ಪಿರುತ್ತದೆ, ಇಲ್ಲವೇ ಬಿಟ್ಟುಹೋಗಿರುತ್ತದೆ.

ಇಲ್ಲಿ ಎಕ್ಸ್-ಪ್ಲೇನ್ 12, ಉಪಗ್ರಹ ಚಿತ್ರ ಹಾಕಿದ ನೆಲ ಕಟ್ಟುವ ಆರ್ಥೋ4ಎಕ್ಸ್‌ಪಿ ಎಂಬ ಉಚಿತ ಸಾಧನ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ, ಈ ಮೂರನ್ನು ಬಳಸುತ್ತೇವೆ. ಪರದೆಯಲ್ಲಿ ಇಂಗ್ಲಿಷಿನಲ್ಲಿ ಕಾಣುವ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ.

ಮೊದಲು ಇದು ತಲೆಯಲ್ಲಿ ಕೂರಲಿ: ರಸ್ತೆ ಅಂದರೆ ಮೂರು ಪದರ

ಉಪಗ್ರಹ ಚಿತ್ರ ಹಾಕಿದ ಸೀನರಿಯಲ್ಲಿ ಒಂದೇ ರಸ್ತೆ ಮೂರು ಕಡೆ ಇರುತ್ತದೆ.

ಎಲ್ಲಕ್ಕಿಂತ ಕೆಳಗೆ ನೆಲ. ಇದನ್ನು ಮೆಶ್ ಅನ್ನುತ್ತೇವೆ. ಸಾವಿರಾರು ತ್ರಿಕೋನಗಳನ್ನು ಜೋಡಿಸಿ ಮಾಡಿದ ಗುಡ್ಡ, ಕಣಿವೆ ಇದು. ಅದರ ಮೇಲೆ ಅಂಟಿಸಿದ್ದು ಚಿತ್ರ. ಚಿತ್ರದಲ್ಲೂ ರಸ್ತೆ ಕಾಣುತ್ತದೆ, ಆದರೆ ಅದು ಬರೀ ಬಣ್ಣ. ಎಲ್ಲಕ್ಕಿಂತ ಮೇಲೆ ಓವರ್‌ಲೇ. ವಾಹನ ಓಡುವ, ರಾತ್ರಿ ದೀಪ ಉರಿಯುವ, ಸೇತುವೆಯಾಗಿ ಮೇಲೇಳುವ ರಸ್ತೆ ಇರುವುದು ಇದರಲ್ಲಿ ಮಾತ್ರ.

ಏನೇ ಕೆಟ್ಟಂತೆ ಕಂಡರೂ ಮೊದಲು ಕೇಳಿಕೊಳ್ಳಬೇಕಾದ್ದು, ಇದು ಯಾವ ಪದರದ ತಪ್ಪು ಅಂತ. ರಸ್ತೆ ವಾಲಿದ್ದರೆ ನೆಲದ ತಪ್ಪು. ಎರಡು ರಸ್ತೆ ಕಂಡರೆ ಚಿತ್ರಕ್ಕೂ ಓವರ್‌ಲೇಗೂ ಹೊಂದಿಕೆಯಾಗಿಲ್ಲ, ಅಥವಾ ಎರಡು ಓವರ್‌ಲೇ ಒಟ್ಟಿಗೆ ಕೂತಿವೆ. ವಾಹನವೇ ಇಲ್ಲದಿದ್ದರೆ ಓವರ್‌ಲೇ ಬಂದೇ ಇಲ್ಲ. ಇದನ್ನು ಗುರುತಿಸದೆ ಇಡೀ ಟೈಲನ್ನು (ಸೀನರಿಯ ಒಂದು ಚೌಕ) ಮೂರು ನಾಲ್ಕು ಸಲ ಮತ್ತೆ ಕಟ್ಟಿ ರಾತ್ರಿಗಳನ್ನು ಕಳೆದುಕೊಂಡವರು ತುಂಬ ಜನ.

ಹಂತ 1: ಯಾವ ಟೈಲ್ ಬೇಕು ಅಂತ ನೋಡಿಕೊಳ್ಳಿ

ಎಕ್ಸ್-ಪ್ಲೇನ್ ಭೂಮಿಯನ್ನು ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ಚೌಕಗಳಾಗಿ ಕತ್ತರಿಸುತ್ತದೆ. ಚೌಕದ ಹೆಸರು ಅದರ ಕೆಳಗಿನ ಎಡಮೂಲೆಯ ಅಕ್ಷಾಂಶ, ರೇಖಾಂಶ. ಮಂಗಳೂರು ವಿಮಾನ ನಿಲ್ದಾಣ ಇರುವುದು 12.96 ಉತ್ತರ, 74.89 ಪೂರ್ವದಲ್ಲಿ. ಹಾಗಾಗಿ ಅದರ ಟೈಲ್ +12+074.

ಇಲ್ಲೇ ಬಹಳ ಜನ ನಿಂತುಬಿಡುತ್ತಾರೆ. ನಿಲ್ದಾಣದಿಂದ ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ 13 ಡಿಗ್ರಿ ಗೆರೆ ಬಂತು. ಮೂಲ್ಕಿ, ಉಡುಪಿ ಎಲ್ಲ +13+074ರಲ್ಲಿವೆ. ಪೂರ್ವಕ್ಕೆ ಬಂಟ್ವಾಳ, ಪುತ್ತೂರು, ಶಿರಾಡಿ ಘಾಟಿ +12+075ರಲ್ಲಿ. ಚಾರ್ಮಾಡಿ, ಆಗುಂಬೆ +13+075ರಲ್ಲಿ. ಒಂದೇ ಟೈಲ್ ಕಟ್ಟಿದರೆ ಗೆರೆ ದಾಟಿದ ಕೂಡಲೇ ನೆಲದ ಬಣ್ಣ, ನೆಲದ ಆಕಾರ ಎರಡೂ ಬದಲಾಗುತ್ತವೆ. ಕರಾವಳಿಯಿಂದ ಘಾಟಿಗೆ ಹಾರಬೇಕು ಅಂದರೆ ನಾಲ್ಕೂ ಬೇಕು. ಆದರೆ ಒಟ್ಟಿಗೆ ಶುರು ಮಾಡಬೇಡಿ. ಒಂದನ್ನು ಪೂರ್ತಿ ಮುಗಿಸಿ, ಹಾರಿ ನೋಡಿ, ಆಮೇಲೆ ಮುಂದಿನದು.

ಹಂತ 2: ಮೂಲ ಸೀನರಿ ಇದೆಯಾ ಅಂತ ಪರೀಕ್ಷಿಸಿ

ಓವರ್‌ಲೇ ರಸ್ತೆಯನ್ನು ನಾವು ಹೊಸದಾಗಿ ಮಾಡುವುದಿಲ್ಲ. ಎಕ್ಸ್-ಪ್ಲೇನ್ ಜೊತೆ ಬರುವ ಗ್ಲೋಬಲ್ ಸೀನರಿಯಿಂದ ತೆಗೆಯುತ್ತೇವೆ. ಆ ರಸ್ತೆಗಳಿಗೂ ಮೂಲ ಓಪನ್‌ಸ್ಟ್ರೀಟ್‌ಮ್ಯಾಪೇ. ಎಕ್ಸ್-ಪ್ಲೇನ್ ಇನ್‌ಸ್ಟಾಲ್ ಮಾಡುವಾಗ ಭಾರತದ ಭಾಗವನ್ನು ಆರಿಸದಿದ್ದರೆ ತೆಗೆಯಲು ಏನೂ ಇರುವುದಿಲ್ಲ. ಇನ್‌ಸ್ಟಾಲರ್ ಮತ್ತೆ ತೆರೆದು ಭೂಪಟದಲ್ಲಿ ಆ ಚೌಕಗಳನ್ನು ಸೇರಿಸಿ.

ಆಮೇಲೆ ಚಿತ್ರ ಹಾಕುವ ಮೊದಲೇ ಒಮ್ಮೆ ಹಾರಿ. ತೊಕ್ಕೊಟ್ಟು ಕಡೆ ಹೋಗಿ ನೇತ್ರಾವತಿ ಸೇತುವೆ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಏನಾದರೂ ಮಾಯವಾದರೆ ಅದು ಮೊದಲಿನಿಂದಲೇ ಇರಲಿಲ್ಲವೋ, ನಾವು ಕಳೆದುಕೊಂಡೆವೋ ಅಂತ ಹೇಳಲು ಇದೊಂದೇ ಸಾಕ್ಷಿ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ಆಬ್ಜೆಕ್ಟ್ಸ್ ತೀರಾ ಕಡಿಮೆ ಇಟ್ಟು ರಸ್ತೆ, ವಾಹನ ಹುಡುಕಬೇಡಿ. ಮಧ್ಯಮಕ್ಕಿಂತ ಮೇಲಿರಲಿ.

ಹಂತ 3: ನಕ್ಷೆಯನ್ನು ಓದಿ, ಬೇಕಿದ್ದರೆ ಸರಿಮಾಡಿ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಜಾಗ ತೆರೆಯಿರಿ. ಪ್ರತಿ ರಸ್ತೆಗೂ ಅದು ಯಾವ ಬಗೆಯದು ಅಂತ ಹೇಳುವ ಒಂದು ಟ್ಯಾಗ್ ಇರುತ್ತದೆ. ಭಾರತದಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಸಾಮಾನ್ಯವಾಗಿ ಟ್ರಂಕ್, ರಾಜ್ಯ ಹೆದ್ದಾರಿಗೆ ಪ್ರೈಮರಿ, ಜಿಲ್ಲೆಯ ಮುಖ್ಯ ರಸ್ತೆಗೆ ಸೆಕೆಂಡರಿ ಅಂತ ಹಾಕುತ್ತಾರೆ. ನಮ್ಮ ನೆಲವನ್ನು ಯಾವ ರಸ್ತೆಯ ಕೆಳಗೆ ಸಮ ಮಾಡಬೇಕು ಅಂತ ಆರ್ಥೋ4ಎಕ್ಸ್‌ಪಿ ತಿಳಿಯುವುದು ಈ ಟ್ಯಾಗ್‌ನಿಂದಲೇ.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಸೇತುವೆ. ಸೇತುವೆ, ಸುರಂಗ ಎಂಬ ಟ್ಯಾಗ್ ಇರುವ ತುಂಡುಗಳನ್ನು ಆರ್ಥೋ4ಎಕ್ಸ್‌ಪಿ ಬಿಟ್ಟುಬಿಡುತ್ತದೆ, ಅವುಗಳ ಕೆಳಗೆ ನೆಲ ಸಮ ಮಾಡುವುದಿಲ್ಲ. ಟ್ಯಾಗ್ ಇಲ್ಲದಿದ್ದರೆ ಅದನ್ನೂ ಮಾಮೂಲಿ ರಸ್ತೆ ಅಂದುಕೊಂಡು ಹೊಳೆಯ ಅಡ್ಡಕ್ಕೆ ನೆಲವನ್ನೇ ತಿದ್ದುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯ ಮರವೂರು ಸೇತುವೆ, ಹೆದ್ದಾರಿ 66ರ ಕೂಳೂರು ಸೇತುವೆ, ನೇತ್ರಾವತಿ ಸೇತುವೆ, ಇವನ್ನು ಒಂದೊಂದಾಗಿ ಕ್ಲಿಕ್ ಮಾಡಿ ನೋಡಿ. ಹಳ್ಳಿ ಕಡೆಯ ಕಿರುಸೇತುವೆಗಳಲ್ಲೇ ಟ್ಯಾಗ್ ಬಿಟ್ಟುಹೋಗಿರುವುದು ಹೆಚ್ಚು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಆ ನಕ್ಷೆ ನಮ್ಮ ಆಟಕ್ಕೆ ಮಾಡಿದ್ದಲ್ಲ. ದಾರಿ ಹುಡುಕುವ ನಿಜವಾದ ಜನ ಅದನ್ನು ನಂಬಿಕೊಂಡಿದ್ದಾರೆ. ಸಿಮ್ಯುಲೇಟರ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಓಣಿಯನ್ನು ಹೆದ್ದಾರಿ ಮಾಡಬೇಡಿ, ಇಲ್ಲದ ಮೇಲ್ಸೇತುವೆ ಎಳೆಯಬೇಡಿ. ಗೂಗಲ್ ನಕ್ಷೆ ನೋಡಿ ನಕಲು ಮಾಡುವುದಕ್ಕೂ ಅಲ್ಲಿ ಅನುಮತಿ ಇಲ್ಲ. ನಿಮಗೆ ಖುದ್ದಾಗಿ ಗೊತ್ತಿರುವುದನ್ನು ಮಾತ್ರ ತಿದ್ದಿ.

ಇನ್ನೊಂದು ವಿಷಯ. ಇಲ್ಲಿ ತಿದ್ದಿದ್ದು ನಿಮ್ಮ ನೆಲಕ್ಕೆ ತಲುಪುತ್ತದೆ, ಓವರ್‌ಲೇಗೆ ತಲುಪುವುದಿಲ್ಲ. ಓವರ್‌ಲೇ ರಸ್ತೆ ಗ್ಲೋಬಲ್ ಸೀನರಿ ತಯಾರಾದ ದಿನದ ನಕ್ಷೆಯದ್ದು. "ತಿದ್ದಿ ವಾರ ಆಯ್ತು, ಹೊಸ ರಸ್ತೆ ಬಂದೇ ಇಲ್ಲ" ಅನ್ನುವವರಿಗೆ ಉತ್ತರ ಇದೇ. ಅಂಥ ರಸ್ತೆಗೆ ಹಂತ 9 ನೋಡಿ.

ಹಂತ 4: ಎತ್ತರದ ಫೈಲ್ ಸರಿಯಾಗಿದೆಯಾ?

ಕರಾವಳಿಯ ಬಯಲಿನಲ್ಲಿ ಇದನ್ನು ನೋಡದಿದ್ದರೂ ನಡೆಯುತ್ತದೆ. ಘಾಟಿಯಲ್ಲಿ ನಡೆಯುವುದಿಲ್ಲ.

ಎತ್ತರದ ಮಾಹಿತಿ ಎರಡು ತೆರನಾಗಿ ಸಿಗುತ್ತದೆ: ಸುಮಾರು 90 ಮೀಟರಿಗೆ ಒಂದು ಅಳತೆ, ಅಥವಾ ಸುಮಾರು 30 ಮೀಟರಿಗೆ ಒಂದು. ಫೋಲ್ಡರ್‌ನಲ್ಲಿ ಫೈಲ್ ಗಾತ್ರ ನೋಡಿದರೆ ಸಾಕು, ಯಾವುದು ಅಂತ ತಿಳಿಯುತ್ತದೆ. ಎತ್ತರದ ಅಳತೆಗಳಿರುವ ಎಚ್‌ಜಿಟಿ ಫೈಲ್ ಸುಮಾರು 2.8 ಎಂಬಿ ಇದ್ದರೆ 90 ಮೀಟರಿನದು, ಸುಮಾರು 25 ಎಂಬಿ ಇದ್ದರೆ 30 ಮೀಟರಿನದು. ಆಗುಂಬೆಗೆ ಎರಡನೆಯದೇ ಬೇಕು. ಸುಮ್ನೆ ಬಂದದ್ದನ್ನು ಒಪ್ಪಿಕೊಳ್ಳಬೇಡಿ.

ಅದೂ ಸಾಲದು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆಯ ಅಗಲವೇ 30 ಮೀಟರಿಗಿಂತ ಎಷ್ಟೋ ಕಡಿಮೆ. ಎರಡು ಅಳತೆಗಳ ನಡುವೆ ಇಡೀ ರಸ್ತೆ, ಅದರ ಗೋಡೆ, ಚರಂಡಿ ಎಲ್ಲ ಕಳೆದುಹೋಗುತ್ತವೆ. ಅಲ್ಲದೆ ಆಕಾಶದಿಂದ ತೆಗೆದ ಈ ಅಳತೆಯಲ್ಲಿ ದಟ್ಟ ಕಾಡಿನ ಮರದ ತಲೆಯೂ ನೆಲದ ಜೊತೆ ಸೇರಿಬಿಡುತ್ತದೆ. ಹಾಗಾಗಿ ಪಶ್ಚಿಮ ಘಟ್ಟದಲ್ಲಿ ನೆಲ ಎಷ್ಟೋ ಕಡೆ ಸುಳ್ಳಾಗಿ ಉಬ್ಬಿರುತ್ತದೆ. ರಸ್ತೆ ವಾಲುವುದು ಇದರಿಂದ. ಇದಕ್ಕೆ ಮದ್ದು ಮುಂದಿನ ಹಂತದಲ್ಲಿದೆ.

ಹಂತ 5: ರಸ್ತೆಯ ಕೆಳಗೆ ನೆಲ ಸಮ ಮಾಡುವ ಸೆಟ್ಟಿಂಗ್‌ಗಳು

ಈ ಇಡೀ ಕೆಲಸದ ಹೃದಯ ಇದು. ಆರ್ಥೋ4ಎಕ್ಸ್‌ಪಿಯಲ್ಲಿ ಟೈಲ್ ಕಾನ್ಫಿಗ್ ಕಿಟಕಿ ತೆರೆಯಿರಿ.

ರೋಡ್ ಲೆವೆಲ್: ಸೊನ್ನೆ ಇಟ್ಟರೆ ಯಾವ ರಸ್ತೆಗೂ ನೆಲ ಸಮ ಆಗುವುದಿಲ್ಲ. 1 ಇಟ್ಟರೆ ಹೆದ್ದಾರಿಗಳು, ದೊಡ್ಡ ರಸ್ತೆಗಳು, ರೈಲು ಹಳಿ. 2 ಇಟ್ಟರೆ ಅದರ ಕೆಳಗಿನ ಟರ್ಷಿಯರಿ ರಸ್ತೆಗಳೂ ಸೇರುತ್ತವೆ. 3ಕ್ಕೆ ಬಡಾವಣೆ ರಸ್ತೆ, 4ಕ್ಕೆ ಸರ್ವಿಸ್ ರಸ್ತೆ, 5ಕ್ಕೆ ಗಾಡಿ ದಾರಿಗಳೂ ಬರುತ್ತವೆ. ಮಂಗಳೂರು ಮತ್ತು ಘಾಟಿಗೆ ನಾನು 2 ಇಡುತ್ತೇನೆ. ನಮ್ಮ ಕಡೆಯ ಅಡ್ಡರಸ್ತೆಗಳೂ ಗುಡ್ಡ ಹತ್ತಿ ಇಳಿಯುವಂಥವೇ, ಅಲ್ವಾ? ಬೆಂಗಳೂರಿನ ಟೈಲ್‌ಗಳಲ್ಲಿ 1 ಸಾಕು. ಅಲ್ಲಿ 3 ಇಟ್ಟರೆ ತ್ರಿಕೋನಗಳ ಸಂಖ್ಯೆ ಏರಿ ಸಿಮ್ಯುಲೇಟರ್ ತಡವರಿಸುತ್ತದೆ, ನೆಲ ಸಮತಟ್ಟಾಗಿರುವುದರಿಂದ ಲಾಭವೂ ಕಾಣುವುದಿಲ್ಲ.

ರೋಡ್ ಬ್ಯಾಂಕಿಂಗ್ ಲಿಮಿಟ್: ರಸ್ತೆಯ ನಡುವಿಗೂ ಅಂಚಿಗೂ ಎಷ್ಟು ಮೀಟರ್ ಎತ್ತರದ ವ್ಯತ್ಯಾಸ ಇದ್ದರೆ ಸಮ ಮಾಡಬೇಕು ಅನ್ನುವ ಮಿತಿ. ಮೊದಲೇ 0.5 ಇರುತ್ತದೆ. ಬಯಲಿಗೆ ಅದೇ ಇರಲಿ. ಆಗುಂಬೆಯ ಟೈಲ್‌ಗೆ 0.3ಕ್ಕೆ ಇಳಿಸಿ.

ಲೇನ್ ವಿಡ್ತ್: ಮೊದಲೇ ಇರುವ 5 ಮೀಟರನ್ನು ಮುಟ್ಟಬೇಡಿ. ರಸ್ತೆ ಅಗಲವಾಗಿ ಸಮ ಆಗಲಿ ಅಂತ ಇದನ್ನು 10, 15ಕ್ಕೆ ಏರಿಸುವವರಿದ್ದಾರೆ. ಹೇರ್‌ಪಿನ್‌ನಲ್ಲಿ ಮೇಲಿನ ಕವಲೂ ಕೆಳಗಿನ ಕವಲೂ ತೀರಾ ಹತ್ತಿರ ಇರುತ್ತವೆ. ಅಗಲ ಜಾಸ್ತಿಯಾದರೆ ಎರಡರ ಸಮತಟ್ಟು ಒಂದರ ಮೇಲೊಂದು ಬಿದ್ದು, ತಿರುವಿನ ಜಾಗದಲ್ಲಿ ವಿಚಿತ್ರ ಮೆಟ್ಟಿಲು ಮೂಡುತ್ತದೆ.

ಕರ್ವೇಚರ್ ಟಾಲರೆನ್ಸ್: ಮೊದಲಿನ ಬೆಲೆ 2. ಕಡಿಮೆ ಮಾಡಿದಷ್ಟೂ ಗುಡ್ಡದ ಆಕಾರ ಸ್ಪಷ್ಟ, ಕಂಪ್ಯೂಟರಿಗೆ ಭಾರ. ಘಾಟಿಗೆ 1.5ರಿಂದ ಶುರು ಮಾಡಿ, ಯಂತ್ರ ತಾಳಿಕೊಂಡರೆ 1ಕ್ಕೆ ಇಳಿಸಿ.

ಬಹಳ ಜನ ಬೀಳುವ ಹಳ್ಳ ಇಲ್ಲಿದೆ. ನಕ್ಷೆಯಿಂದ ಒಮ್ಮೆ ಇಳಿಸಿಕೊಂಡ ರಸ್ತೆಗಳನ್ನು ಆರ್ಥೋ4ಎಕ್ಸ್‌ಪಿ ತನ್ನ ಓಎಸ್‌ಎಂ (ಓಪನ್‌ಸ್ಟ್ರೀಟ್‌ಮ್ಯಾಪ್) ಡೇಟಾ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಅದನ್ನೇ ಬಳಸುತ್ತದೆ. ರೋಡ್ ಲೆವೆಲ್ ಅನ್ನು 2ರಿಂದ 3ಕ್ಕೆ ಬದಲಿಸಿದರೆ ಆ ಟೈಲ್‌ನ ಸ್ಮಾಲ್ ರೋಡ್ಸ್ ಫೈಲನ್ನು ನೀವೇ ಅಳಿಸಬೇಕು. ನಕ್ಷೆಯಲ್ಲಿ ಸೇತುವೆ ತಿದ್ದಿದ್ದರೆ ದೊಡ್ಡ ರಸ್ತೆಗಳ ಫೈಲನ್ನೂ ಅಳಿಸಿ. ಅಳಿಸದೆ ಹತ್ತು ಸಲ ಕಟ್ಟಿದರೂ ಹಳೆಯ ರಸ್ತೆಯೇ ಬರುತ್ತದೆ.

ಹಂತ 6: ಕಟ್ಟುವ ಕ್ರಮ

ಮುಖ್ಯ ಪರದೆಯಲ್ಲಿ ನಾಲ್ಕು ಬಟನ್‌ಗಳಿವೆ: ವೆಕ್ಟರ್ ಡೇಟಾ (ನಕ್ಷೆಯ ರಸ್ತೆ, ಗಡಿಗೆರೆಗಳು), ಮೆಶ್, ನೀರಿನ ಮಾಸ್ಕ್ (ನೀರು ಎಲ್ಲಿದೆ ಅನ್ನುವ ಗುರುತು), ಚಿತ್ರ. ಇದೇ ಕ್ರಮದಲ್ಲಿ ಒತ್ತಬೇಕು. ನಾಲ್ಕನ್ನೂ ಒಟ್ಟಿಗೆ ಮಾಡುವ ಬಟನ್ ಇದೆ, ಮೊದಲ ಸಲ ಅದನ್ನು ಬಳಸಬೇಡಿ. ಒಂದೊಂದು ಹಂತ ಮುಗಿದ ಮೇಲೆ ಬರುವ ಸಂದೇಶ ಓದಿ. ವೆಕ್ಟರ್ ಹಂತದಲ್ಲಿ ನಕ್ಷೆಯ ಸರ್ವರ್ ಉತ್ತರ ಕೊಡದೆ ಹೋದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ, ಅಥವಾ ಸೆಟ್ಟಿಂಗ್‌ನಲ್ಲಿ ಬೇರೆ ಸರ್ವರ್ ಆರಿಸಿ. ಅದು ಎಲ್ಲರೂ ಹಂಚಿಕೊಂಡು ಬಳಸುವ ಉಚಿತ ಸೇವೆ. ಸಾಲುಸಾಲಾಗಿ ನೂರು ಟೈಲ್ ಕೇಳಿ ಅದಕ್ಕೆ ಹೊರೆಯಾಗಬೇಡಿ.

ರಸ್ತೆಯ ಸೆಟ್ಟಿಂಗ್ ಬದಲಿಸಿದರೆ ಮೊದಲ ಬಟನ್‌ನಿಂದಲೇ ಮತ್ತೆ ಶುರು. ಬರೀ ಮೆಶ್ ಒತ್ತಿದರೆ ಬದಲಾವಣೆ ಬರುವುದಿಲ್ಲ. ಇಳಿಸಿಟ್ಟ ಚಿತ್ರಗಳನ್ನು ಅಳಿಸದಿದ್ದರೆ ಅವು ಮತ್ತೆ ಇಳಿಯುವುದಿಲ್ಲ, ಹಾಗಾಗಿ ಎರಡನೇ ಸಲ ಬೇಗ ಮುಗಿಯುತ್ತದೆ.

ಚಿತ್ರದ ಜೂಮ್ ಎಷ್ಟಿರಬೇಕು? ನಮ್ಮ ಅಕ್ಷಾಂಶದಲ್ಲಿ ಜೂಮ್ 16 ಅಂದರೆ ಒಂದು ಚುಕ್ಕೆಗೆ ಸುಮಾರು 2.3 ಮೀಟರ್. 7 ಮೀಟರ್ ಅಗಲದ ದ್ವಿಪಥ ರಸ್ತೆ ಬರೀ ಮೂರು ಚುಕ್ಕೆಯಾಗುತ್ತದೆ. ಜೂಮ್ 17ರಲ್ಲಿ ಆರು ಚುಕ್ಕೆ, ರಸ್ತೆ ರಸ್ತೆಯಂತೆ ಕಾಣುತ್ತದೆ. ಆದರೆ ಒಂದು ಜೂಮ್ ಏರಿದರೆ ಜಾಗ ನಾಲ್ಕು ಪಟ್ಟು. ಪೂರ್ತಿ ನೆಲವೇ ಇರುವ ಟೈಲ್‌ಗೆ ಲೆಕ್ಕ ಹಾಕಿದರೆ ಜೂಮ್ 16ಕ್ಕೆ ಸುಮಾರು ಒಂದೂವರೆ ಜಿಬಿ, 17ಕ್ಕೆ ಆರು ಜಿಬಿ ದಾಟುತ್ತದೆ. ಇಡೀ ಟೈಲ್‌ಗೆ 16 ಇಟ್ಟು, ನಿಲ್ದಾಣ ಮತ್ತು ಘಾಟಿಯ ಸುತ್ತ ಮಾತ್ರ 17 ಮಾಡುವುದು ಒಳ್ಳೆಯದು.

ಹಂತ 7: ಓವರ್‌ಲೇ ತೆಗೆಯಿರಿ

ಬಹಳ ಜನ ಮರೆಯುವ ಹಂತ. ಟೈಲ್ ಕಟ್ಟಿದ ಮಾತ್ರಕ್ಕೆ ರಸ್ತೆ ಬರುವುದಿಲ್ಲ. ಹೊಸ ನೆಲ ಬಂದ ಕೂಡಲೇ ಹಳೆಯ ನೆಲ ತನ್ನ ರಸ್ತೆ, ಮನೆ, ಮರಗಳ ಸಮೇತ ಮರೆಯಾಗುತ್ತದೆ. ಅವನ್ನು ಬೇರೆಯಾಗಿ ತೆಗೆದು ಮೇಲೆ ಕೂರಿಸಬೇಕು.

ಕಾನ್ಫಿಗ್‌ನಲ್ಲಿ ಕಸ್ಟಮ್ ಓವರ್‌ಲೇ ಸೋರ್ಸ್ ಎಂಬ ಜಾಗಕ್ಕೆ ಗ್ಲೋಬಲ್ ಸೀನರಿಯ ಫೋಲ್ಡರ್ ತೋರಿಸಿ. ಅರ್ತ್ ನ್ಯಾವ್ ಡೇಟಾ ಎಂಬ ಫೋಲ್ಡರ್ ಯಾವುದರ ಒಳಗಿದೆಯೋ ಅದನ್ನೇ ಆರಿಸಬೇಕು. ಒಂದು ಮೆಟ್ಟಿಲು ಮೇಲೆ ಹೋದರೂ ತಪ್ಪು, ಕೆಳಗೆ ಹೋದರೂ ತಪ್ಪು. ಆಮೇಲೆ ಟೈಲ್‌ಗಳ ಭೂಪಟದ ಕಿಟಕಿಯಲ್ಲಿ ಓವರ್‌ಲೇ ತೆಗೆಯುವ ಆಯ್ಕೆ ಮಾಡಿ ಚಲಾಯಿಸಿ.

ಮುಗಿದ ಮೇಲೆ ನಂಬಬೇಡಿ, ನೋಡಿ. ವೈ ಅಕ್ಷರದಿಂದ ಶುರುವಾಗುವ ಓವರ್‌ಲೇ ಫೋಲ್ಡರ್‌ನಲ್ಲಿ, +10+070 ಎಂಬ ಉಪಫೋಲ್ಡರ್ ಒಳಗೆ, +12+074 ಹೆಸರಿನ ಡಿಎಸ್‌ಎಫ್ ಫೈಲ್ (ಎಕ್ಸ್-ಪ್ಲೇನ್‌ನ ಸೀನರಿ ಫೈಲ್) ಇರಬೇಕು. ಫೈಲ್ ಇಲ್ಲದಿದ್ದರೆ, ಅಥವಾ ಗಾತ್ರ ಸೊನ್ನೆ ಇದ್ದರೆ ಕೆಲಸ ಆಗಿಲ್ಲ. ಎಕ್ಸ್-ಪ್ಲೇನ್ 12 ಬಳಸುವವರು ಆರ್ಥೋ4ಎಕ್ಸ್‌ಪಿಯ ಹಳೆಯ ಆವೃತ್ತಿ ಇಟ್ಟುಕೊಂಡಿದ್ದರೆ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಸ ಆವೃತ್ತಿ ಹಾಕಿ.

ಹಂತ 8: ಸೀನರಿ ಪಟ್ಟಿಯ ಕ್ರಮ

ಟೈಲ್, ಓವರ್‌ಲೇ ಫೋಲ್ಡರ್‌ಗಳನ್ನು ಹಾಕುವ ಎಕ್ಸ್-ಪ್ಲೇನ್‌ನ ಕಸ್ಟಮ್ ಸೀನರಿ ಫೋಲ್ಡರ್‌ನಲ್ಲಿ ಸೀನರಿ ಪ್ಯಾಕ್ಸ್ ಎಂಬ ಐಎನ್‌ಐ ಫೈಲ್ ಇದೆ. ಅದರಲ್ಲಿ ಮೇಲಿರುವುದು ಮೇಲಿನ ಪದರ. ಮೊದಲು ವಿಮಾನ ನಿಲ್ದಾಣಗಳು, ಆಮೇಲೆ ಓವರ್‌ಲೇಗಳು, ಎಲ್ಲಕ್ಕಿಂತ ಕೆಳಗೆ ಝಡ್‌ನಿಂದ ಶುರುವಾಗುವ ಟೈಲ್‌ಗಳು. ನೆಲದ ಟೈಲ್ ಮೇಲೆ ಹೋಗಿ ಕೂತರೆ ಕೆಳಗಿನದೆಲ್ಲ ಮುಚ್ಚಿಹೋಗುತ್ತದೆ.

ಹೊಸ ಫೋಲ್ಡರ್ ಕಂಡಾಗಲೆಲ್ಲ ಎಕ್ಸ್-ಪ್ಲೇನ್ ಅದನ್ನು ಪಟ್ಟಿಯ ತಲೆಗೆ ಸೇರಿಸುತ್ತದೆ. ನೀವು ಟೈಲ್ ಹಾಕಿ ಮೊದಲ ಸಲ ತೆರೆದಾಗ ರಸ್ತೆ ಮಾಯ ಆಗುವುದು ಇದಕ್ಕೇ. ಸಿಮ್ಯುಲೇಟರ್ ಮುಚ್ಚಿ, ಫೈಲಿನ ಒಂದು ಪ್ರತಿ ತೆಗೆದಿಟ್ಟು, ಸಾಲುಗಳನ್ನು ಸರಿಯಾದ ಕ್ರಮಕ್ಕೆ ತಂದು ಉಳಿಸಿ, ಮತ್ತೆ ತೆರೆಯಿರಿ.

ಬೇರೆಯವರು ಮಾಡಿದ ರಸ್ತೆ ಪ್ಯಾಕ್ ಕೂಡ ಹಾಕಿದ್ದೀರಾ? ಹಾಗಿದ್ದರೆ ಎರಡರಲ್ಲಿ ಒಂದನ್ನು ನಿಲ್ಲಿಸಿ. ಸಾಲಿನ ಮೊದಲಲ್ಲಿರುವ ಸೀನರಿ ಪ್ಯಾಕ್ ಎಂಬ ಪದದ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಡಿಸೇಬಲ್ಡ್ ಅಂತ ಸೇರಿಸಿದರೆ ಆ ಪ್ಯಾಕ್ ಲೋಡ್ ಆಗುವುದಿಲ್ಲ.

ಹಾರಿ ಪರೀಕ್ಷಿಸುವುದು

ಮಂಗಳೂರಿನ ರನ್‌ವೇ 24ರಿಂದ ಸೆಸ್ನಾ 172ರಲ್ಲಿ ಮೇಲೇರಿ, ಮಧ್ಯಾಹ್ನದ ಬೆಳಕಿನಲ್ಲಿ 1,500 ಅಡಿಯಲ್ಲಿ ದಕ್ಷಿಣಕ್ಕೆ ತಿರುಗಿ. ಕೂಳೂರು, ಪಂಪ್‌ವೆಲ್, ನೇತ್ರಾವತಿ ಸೇತುವೆ, ತೊಕ್ಕೊಟ್ಟು. ಇಲ್ಲಿ ಚಿತ್ರದ ರಸ್ತೆಗೂ ಓವರ್‌ಲೇ ರಸ್ತೆಗೂ ಹೊಂದಿಕೆ ನೋಡಿ. ಎಲ್ಲ ಕಡೆ ಒಂದೇ ದಿಕ್ಕಿಗೆ ಸರಿದಿದ್ದರೆ ಚಿತ್ರವೇ ಸರಿದಿದೆ, ಬೇರೆ ಮೂಲದ ಚಿತ್ರ ಹಾಕಿ ನೋಡಿ. ಒಂದೇ ಜಾಗದಲ್ಲಿ ಮಾತ್ರ ತಪ್ಪಿದ್ದರೆ ಆ ರಸ್ತೆ ಅಗಲೀಕರಣದಲ್ಲಿ ಬದಲಾಗಿರಬಹುದು. ರಾತ್ರಿಗೆ ಬದಲಿಸಿ ಇನ್ನೊಮ್ಮೆ ಹಾರಿ. ಹಗಲಲ್ಲಿ ಕಾಣದ ತುಂಡಾದ ಜಾಗಗಳು ದೀಪದ ಸಾಲಿನಲ್ಲಿ ಎದ್ದು ಕಾಣುತ್ತವೆ.

ಆಗುಂಬೆಗೆ ನಿಲ್ದಾಣದಿಂದ ನೇರ ಗೆರೆಯಲ್ಲಿ ಸುಮಾರು 64 ಕಿಲೋಮೀಟರ್, ಸೆಸ್ನಾದಲ್ಲಿ ಇಪ್ಪತ್ತು ನಿಮಿಷ. 3,500 ಅಡಿ ಇಟ್ಟುಕೊಳ್ಳಿ. ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ ರಸ್ತೆಯನ್ನು ಕಣ್ಣಲ್ಲೇ ಹಿಂಬಾಲಿಸಿ. ತಿರುವಿನಲ್ಲಿ ರಸ್ತೆ ವಾಲಿದ್ದರೆ ಬ್ಯಾಂಕಿಂಗ್ ಲಿಮಿಟ್ ಇನ್ನೂ ಇಳಿಸಿ. ಮೆಟ್ಟಿಲು ಕಂಡರೆ ಲೇನ್ ವಿಡ್ತ್ ನೋಡಿ. ನಾನು ಮೊದಲ ಸಲ ಕಟ್ಟಿದಾಗ 90 ಮೀಟರಿನ ಎತ್ತರದ ಫೈಲ್ ಇದ್ದದ್ದು ಗೊತ್ತೇ ಆಗಿರಲಿಲ್ಲ. ವಾರವಿಡೀ ಸೆಟ್ಟಿಂಗ್ ಬದಲಿಸಿದೆ, ರಸ್ತೆ ನೆಟ್ಟಗಾಗಲೇ ಇಲ್ಲ. ಫೈಲ್ ಬದಲಿಸಿದ ಮೇಲೆ ಒಂದೇ ಸಲಕ್ಕೆ ಬಹುತೇಕ ಸರಿಹೋಯಿತು.

ಮಂಗಳೂರಿನದು ಗುಡ್ಡದ ತಲೆಯ ಮೇಲಿನ ನಿಲ್ದಾಣ. ಅದರ ಪಕ್ಕದ ರಸ್ತೆ ಇದ್ದಕ್ಕಿದ್ದಂತೆ ಎತ್ತರಕ್ಕೆ ಹಾರಿದ್ದರೆ ನಕ್ಷೆಯಲ್ಲಿ ನಿಲ್ದಾಣದ ಗಡಿಗೆರೆ ನೋಡಿ. ಆ ಗೆರೆಯೊಳಗಿನ ನೆಲವನ್ನು ಆರ್ಥೋ4ಎಕ್ಸ್‌ಪಿ ನಯ ಮಾಡುತ್ತದೆ. ಗೆರೆ ಕಣಿವೆಗೆ ಇಳಿದಿದ್ದರೆ ಕಣಿವೆಯೂ ಅದರೊಳಗೆ ಸೇರಿಹೋಗುತ್ತದೆ.

ಹಂತ 9: ಬಿಟ್ಟುಹೋದ ರಸ್ತೆಯನ್ನು ಕೈಯಿಂದ ಸೇರಿಸುವುದು

ಹೊಸ ಬೈಪಾಸ್, ಹೊಸ ಮೇಲ್ಸೇತುವೆ ಇಂಥವು ಓವರ್‌ಲೇನಲ್ಲಿ ಇರುವುದಿಲ್ಲ. ಡಿಎಸ್‌ಎಫ್ ಟೂಲ್ ಎಂಬ ಚಿಕ್ಕ ಸಾಧನ ಓವರ್‌ಲೇ ಫೈಲನ್ನು ಓದಬಹುದಾದ ಪಠ್ಯವಾಗಿ ಮಾಡುತ್ತದೆ, ತಿದ್ದಿದ ಮೇಲೆ ಮತ್ತೆ ಫೈಲಾಗಿ ಕಟ್ಟುತ್ತದೆ. ಮೂಲ ಓವರ್‌ಲೇ ಫೈಲಿನ ಪ್ರತಿ ತೆಗೆದಿಡದೆ ಇದಕ್ಕೆ ಕೈ ಹಾಕಬೇಡಿ.

ಪಠ್ಯದಲ್ಲಿ ಪ್ರತಿ ರಸ್ತೆಯೂ ಬಿಗಿನ್ ಸೆಗ್ಮೆಂಟ್ ಎಂಬ ಸಾಲಿನಿಂದ ಶುರುವಾಗಿ ಎಂಡ್ ಸೆಗ್ಮೆಂಟ್‌ನಲ್ಲಿ ಮುಗಿಯುತ್ತದೆ. ನಡುವೆ ತಿರುವಿನ ಬಿಂದುಗಳು. ಹೊಸ ರಸ್ತೆಯ ಹತ್ತಿರದಲ್ಲೇ ಅದೇ ಜಾತಿಯ ರಸ್ತೆ ಹುಡುಕಿ, ಅದರ ಜಾತಿ ಸಂಖ್ಯೆಯನ್ನೇ ನಕಲು ಮಾಡಿ. ಊಹೆ ಮಾಡಿ ಸಂಖ್ಯೆ ಹಾಕಿದರೆ ರಸ್ತೆ ಇರಬೇಕಾದಲ್ಲಿ ರೈಲು ಹಳಿ ಬರಬಹುದು. ಬಿಂದುಗಳಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಅಂದರೆ 74 ಮೊದಲು, 12 ಆಮೇಲೆ. ನಕ್ಷೆಯಿಂದ ನಕಲು ಮಾಡುವಾಗ ಈ ಕ್ರಮ ತಿರುಗುಮುರುಗಾಗುವುದೇ ಸಾಮಾನ್ಯ ತಪ್ಪು. ಮೂರನೆಯ ಸಂಖ್ಯೆ ಮಟ್ಟ: ನೆಲದ ಮೇಲಿದ್ದರೆ 0, ಸೇತುವೆಯಾಗಿ ಮೇಲೇಳಬೇಕಾದರೆ 1.

ಎರಡು ರಸ್ತೆ ಸೇರುವ ಕಡೆ ಇನ್ನೂ ಎಚ್ಚರ ಬೇಕು. ಕೂಡುವ ಬಿಂದುವಿಗೆ ಎರಡೂ ರಸ್ತೆಯಲ್ಲಿ ಒಂದೇ ನೋಡ್ ಸಂಖ್ಯೆ (ಬಿಂದುವಿನ ಗುರುತು ಸಂಖ್ಯೆ) ಇರಬೇಕು. ಜಾಗ ಒಂದೇ ಆಗಿದ್ದರೂ ಸಂಖ್ಯೆ ಬೇರೆಯಾದರೆ ಸಿಮ್ಯುಲೇಟರಿಗೆ ಅದು ವೃತ್ತವಲ್ಲ, ಅಡ್ಡ ಹಾದುಹೋದ ಎರಡು ರಸ್ತೆ. ಹಳೆಯ ರಸ್ತೆಯ ನಡುಭಾಗಕ್ಕೆ ಹೊಸದನ್ನು ಸೇರಿಸಬೇಕಾದರೆ, ಹಳೆಯದನ್ನು ಆ ಬಿಂದುವಿನಲ್ಲಿ ಮುಗಿಸಿ, ಅದೇ ಸಂಖ್ಯೆಯಿಂದ ಮತ್ತೆ ಶುರು ಮಾಡಬೇಕು. ಬೇರೆ ಫೋಲ್ಡರ್‌ನಲ್ಲಿ ಹೊಸ ರಸ್ತೆ ಇಟ್ಟರೆ ನೋಡ್ ಹಂಚಿಕೊಳ್ಳಲು ಆಗುವುದಿಲ್ಲ. ಅದಕ್ಕೇ ತೆಗೆದ ಓವರ್‌ಲೇ ಫೈಲನ್ನೇ ತಿದ್ದಿ ಅನ್ನುತ್ತಿರುವುದು.

ಮೊದಲ ದಿನ ಒಂದೇ ರಸ್ತೆ ಸೇರಿಸಿ, ಫೈಲ್ ಕಟ್ಟಿ, ಸಿಮ್ಯುಲೇಟರ್ ತೆರೆದು ನೋಡಿ. ಲೋಡ್ ಆಗುವಾಗಲೇ ನಿಂತುಹೋದರೆ ಎಕ್ಸ್-ಪ್ಲೇನ್ ಫೋಲ್ಡರ್‌ನಲ್ಲಿರುವ ಲಾಗ್ ಫೈಲ್ ತೆರೆದು ಕೊನೆಯ ಸಾಲುಗಳನ್ನು ಓದಿ, ಯಾವ ಫೈಲಿನ ಹತ್ತಿರ ನಿಂತಿದೆ ಅಂತ ಗೊತ್ತಾಗುತ್ತದೆ. ತಿದ್ದಿದ ಓವರ್‌ಲೇಯ ಒಂದು ಪ್ರತಿಯನ್ನು ಆರ್ಥೋ4ಎಕ್ಸ್‌ಪಿ ಫೋಲ್ಡರ್‌ನ ಹೊರಗೆ ಇಡಿ. ಅದೇ ಟೈಲ್‌ಗೆ ಓವರ್‌ಲೇ ಮತ್ತೊಮ್ಮೆ ತೆಗೆದರೆ ನಿಮ್ಮ ಕೈಕೆಲಸದ ಮೇಲೆ ಹಳೆಯ ರಸ್ತೆಗಳು ಬಂದು ಕೂರುತ್ತವೆ.